ಥಂಡಿ ನೆಲದಿಂದ ಏರತೈತಿ

ಎಳ್ಳ ಅಮವಾಸಿ ಹತ್ತಿರ ಬಂತಂದ್ರ ನಮ್ಮ ವಿಜಯಪುರ ಜಿಲ್ಲಾದಾಗ ಥಂಡಿ ಜೋರಾಗತೈತಿ. ನಸುಕಿನ್ಯಾಗ 10 ಡಿಗ್ರಿಗಿಂತ ಕೆಳಗ ಇಳಿಯೋ ದಿನಾನೂ ಇರತಾವ. ಹೊಸದಾಗಿ ಬಂದ ಸೊಸಿ “ಅತ್ತಿ, ಹೊದ್ಯಾಕ ಇನ್ನೊಂದು ಕೊಡ್ರಿ” ಅಂತ ಕೇಳಿದ್ರ ನಾ ಹೇಳೋದು ಇಷ್ಟ: ಮ್ಯಾಲ ಹೊದಿಯೋದು ಆಮ್ಯಾಲ ಆಗಲವ್ವ, ಮೊದಲ ಕೆಳಗ ದಪ್ಪಗ ಹಾಸು.

ಪರ್ಸಿ ಹಾಸಿದ ನೆಲ ರಾತ್ರಿಯೆಲ್ಲಾ ಮೈಯಾನ ಬಿಸಿ ಎಳಕೊಳ್ಳತೈತಿ. ತಳಕ್ಕ ಒಣಗಿದ ಗೋಣಿಚೀಲ, ಅದರ ಮ್ಯಾಲ ಕಂಬಳಿ, ಅದರ ಮ್ಯಾಲ ಹಳೇ ಬಟ್ಟಿ ಪದರು ಹೊಲದ ಕೌದಿ ಹಾಸ್ರಿ. ಮೊದಲಿನ ಮಣ್ಣಿನ ಮಾಳಗಿ ಮನಿಗೋಳ ದಪ್ಪ ಗ್ವಾಡಿ ಹಗಲಿನ ಬಿಸಲು ಹಿಡದಿಟಗೊಂಡು ರಾತ್ರಿ ಬೆಚ್ಚಗ ಇರತಿದ್ವು. ಈಗಿನ ಪತ್ರಾಸ, ಅಂದ್ರ ತಗಡು ಹೊದಿಸಿದ ಮನಿ ಹೊತ್ತು ಮುಳುಗಿದ ಕೂಡ್ಲೆ ತಣ್ಣಗಾಗತೈತಿ. ಹಂಗಾಗಿ ಬಾಗಲ ಕೆಳಗಿನ ಸಂದಿಗೆ ಹಳೇ ಸೀರಿ ಸುತ್ತಿ ಒತ್ತರಿ. ಮ್ಯಾಲಿನ ಬೆಳಕಿಂಡಿ ಮಾತ್ರ ಮುಚ್ಚಬ್ಯಾಡ್ರಿ.

ಕೌದಿ ಬಗ್ಗೆ ಒಂದು ಮಾತು. ನನ್ನ ಹತ್ರ ನಮ್ಮವ್ವನ ಇಳಕಲ್ಲ ಸೀರಿ ಮ್ಯಾಲಿಟ್ಟು ಹೊಲದದ್ದು ಒಂದೈತಿ, ಅಂಚಿನಿಂದ ಸುತ್ತಗೋತ ನಡಬರಕ ಬಂದ ಹೊಲಿಗಿ, ಕೆಂಪ ದಡಿ ಇನ್ನೂ ಮಾಸಿಲ್ಲ. ಪದರು ಪದರಿನ ನಡುವ ಗಾಳಿ ನಿಂತರನ ಕೌದಿ ಬೆಚ್ಚಗ. ಅದಕ್ಕ ದಿನಾ ಬಿಸಲಿಗೆ ಹಾಕಿ, ಬಡಗಿಲೆ ಬಡದು, ಹೊತ್ತು ಮುಳುಗೋದ್ರಾಗ ಒಳಗ ತಗೋರಿ. ಇಬ್ಬನಿ ತಿಂದ ಕೌದಿ ಹೊದ್ದರೂ ಒಂದ, ಬಿಟ್ಟರೂ ಒಂದ.

ಇನ್ನ ಅಗ್ಗಿಷ್ಟಿಗಿ. ಇದನ್ನ ನಾ ಕೈ ಮುಗದು ಹೇಳತೀನಿ. ನನ್ನ ಮೊದಲನೇ ಬಾಣಂತನದಾಗ ಖೋಲಿ ಬಾಗಲಾ ಕಿಡಕಿ ಎಲ್ಲಾ ಮುಚ್ಚಿ, ಹೊರಸಿನ ಕೆಳಗ ಕೆಂಡ ಇಟ್ಟಿದ್ರು. ನಡುರಾತ್ರಿ ತಲಿ ಸಿಡದು ವಾಂತಿ ಬಂತು, ಏಳಬೇಕಂದ್ರ ಕಾಲಾಗ ಶಕ್ತಿನ ಇಲ್ಲ. ನಮ್ಮವ್ವ ಬಿಸಿನೀರು ಕೊಡಾಕ ಬಂದಾಕಿ ಬಾಗಲಾ ತಗದು ಕೂಸಿನ್ನೂ ನನ್ನೂ ಪಡಸಾಲಿಗೆ ಎಳಕೊಂಡು ಹೋದಳು, ಉಳದ್ವಿ. ಕೆಂಡದಿಂದ ಏಳೋ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನಿ ಇಲ್ಲ, ಬಣ್ಣ ಇಲ್ಲ, ಹೊಗಿ ಕಾಣದಿದ್ರೂ ಅದು ಇರತೈತಿ. ಬಾಗಲಾ ತಗದಿಟ್ಟು ಕಾಸಿಕೋರಿ, ಮಲಗೋಕಿಂತ ಮೊದಲ ಕೆಂಡ ಅಂಗಳಕ್ಕ ಒಯ್ಯರಿ. ಕೂಸಿಗೆ ಕುಂಚಿಗಿ ಕಟ್ಟಿ ತಾಯಿ ಎದಿಗೆ ಮೈಗೆ ಮೈ ಹತ್ತೂ ಹಂಗ ಅವಚಿಕೊಂಡ್ರ ಅದಕ್ಕಿಂತ ದೊಡ್ಡ ಬಿಸಿ ಬ್ಯಾಡ.

ಊಟಕ್ಕ ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ, ಗುರೆಳ್ಳ ಹಿಂಡಿ, ಬೆಣ್ಣಿ. ವಯಸ್ಸಾದವರು ನಸುಕಿನ್ಯಾಗ ಜಳಕ ಮಾಡೋ ಹಟ ಬಿಡ್ರಿ, ಬಿಸಲು ಏರಲಿ. ಹಿಮ್ಮಡಿ ಒಡದಿದ್ರ ರಾತ್ರಿ ಕಾಲು ತೊಳದು ಒರಸಿ, ಕೊಬ್ಬರಿ ಎಣ್ಣಿ ಹಚ್ಚಿ ಕಾಲಚೀಲ ಹಾಕ್ರಿ.

ಕೊಟ್ಟಿಗ್ಯಾಗಿನ ಎಳಗರಕ್ಕೂ ಇದ ನ್ಯಾಯ. ಮೈಮ್ಯಾಲ ಚೀಲ ಕಟ್ಟಿ, ಕೆಳಗ ಹಸಿ ಬಿಟ್ರ ಏನೂ ಉಪಯೋಗಿಲ್ಲ. ಉಚ್ಚಿ ನೆಲ ಬಳದು, ಒಣಾ ರವದಿ, ಅಂದ್ರ ಬೆಳಿಯ ಒಣಗಿದ ಎಲಿ, ಗೇಣು ದಪ್ಪ ಹರಡ್ರಿ. ಮಲಗೋ ಮುಂದ ಒಮ್ಮೆ ಕಂದೀಲ ಹಿಡಕೊಂಡು ಹೋಗಿ ಅದರ ಕಿವಿ ಮುಟ್ಟರಿ. ತಣ್ಣಗ ಕೊರೀತಿದ್ರ ಇನ್ನೊಂದು ಬುಟ್ಟಿ ರವದಿ ಹಾಕಿ ಬರ್ರಿ.