ನಮ್ಮ ಹರಿಗೋಲು ವಾಪಸ್ ಹೋಗುತ್ತಿತ್ತು!

ಆನೆಗೊಂದಿಯಲ್ಲಿ, ಹೊಳೆ ದಂಡೆ ಮೇಲೆ ಒಂದು ಕಿರುಚಿತ್ರ ಮಾಡಿದ್ದೆವು. ಹುಡುಗ ಬಂಡೆ ಸಂದಿಯಲ್ಲಿ ಚೀಲ ಬಚ್ಚಿಡುತ್ತಾನೆ. ಅವನನ್ನು ಹುಡುಕಿಕೊಂಡು ಹರಿಗೋಲಿನಲ್ಲಿ ಒಬ್ಬ ಬರುತ್ತಾನೆ. ಎದೆ ಡವಡವ ಅನ್ನಬೇಕಾದ ಸೀನ್. ಎಡಿಟ್ ನೋಡಿದ ಗೆಳೆಯ ಕೇಳಿದ: ‘ಅವನ್ಯಾಕೆ ವಾಪಸ್ ಹೊಂಟ?’

ಎರಡು ದಿನ ಸುಮ್ನೆ ಮ್ಯೂಸಿಕ್ ಜಾಸ್ತಿ ಮಾಡುತ್ತಾ ಒದ್ದಾಡಿದೆ. ತಪ್ಪು ಬೇರೆ ಕಡೆ ಇತ್ತು. ಬೆಳಗ್ಗೆ ತೆಗೆದ ಶಾಟ್‌ನಲ್ಲಿ ಹರಿಗೋಲು ಎಡದಿಂದ ಬಲಕ್ಕೆ ಬರುತ್ತದೆ. ಮಧ್ಯಾಹ್ನ ಬಿಸಿಲು ಅಂತ ಕ್ಯಾಮೆರಾವನ್ನು ಹುಡುಗನ ಆಚೆ ಬದಿಗೆ ಇಟ್ಟಿದ್ದೆವು. ಅಲ್ಲಿಂದ ಅದೇ ಹರಿಗೋಲು ಬಲದಿಂದ ಎಡಕ್ಕೆ! 180 ಡಿಗ್ರಿ ನಿಯಮ ಮುರಿದಿತ್ತು. ಇಬ್ಬರ ನಡುವೆ ಒಂದು ಗೆರೆ ಇದೆ ಅಂದುಕೊಂಡು, ಕ್ಯಾಮೆರಾ ಅದರ ಒಂದೇ ಬದಿಯಲ್ಲಿರಬೇಕು ಅಲ್ವಾ?

ಮಧ್ಯಾಹ್ನದ ಶಾಟ್‌ಗಳನ್ನು ಕನ್ನಡಿಯಂತೆ ತಿರುಗಿಸಿದೆ. ದೂರದ ಶಾಟ್ ಸರಿಹೋಯಿತು. ಹತ್ತಿರದ್ದರಲ್ಲಿ ಅಂಗಿ ಜೇಬು ಬಲಗಡೆ ಬಂದುಬಿಟ್ಟಿತು, ಆ ಶಾಟನ್ನೇ ಕಿತ್ತು ಹಾಕಿದೆ. ಆ ಜಾಗಕ್ಕೆ ಹರಿಗೋಲಿನ ಹುಟ್ಟು ನೇರ ಕ್ಯಾಮೆರಾ ಕಡೆಗೇ ಬರುವ ಶಾಟ್ ಸಿಕ್ಕಿತು. ಅದಕ್ಕೆ ಎಡ-ಬಲದ ತಂಟೆ ಇಲ್ಲ.

ಆಮೇಲೆ ಶಾಟ್‌ಗಳ ಅಳತೆ. ಹುಡುಗ, ಹರಿಗೋಲು, ಹುಡುಗ, ಹರಿಗೋಲು: 4 ಸೆಕೆಂಡ್, 3, 2, ಕೊನೆಗೆ ಒಂದು ಸೆಕೆಂಡಿನ 24 ಫ್ರೇಮ್‌ಗಳಲ್ಲಿ ಬರೀ 14. ಹುಟ್ಟಿನ ‘ಚಳಕ್’ ಸದ್ದನ್ನು ಹುಡುಗನ ಮುಖದ ಮೇಲೂ ಹರಿಸಿದೆ. ಮ್ಯೂಸಿಕ್ ಪೂರ್ತಿ ತೆಗೆದೆ. ಗೆಳೆಯನಿಗೆ ಮತ್ತೆ ತೋರಿಸಿದೆ. ಕೈಯಲ್ಲಿದ್ದ ಮಿರ್ಚಿ ಬಾಯಿಗೆ ಹೋಗಲೇ ಇಲ್ಲ.