ಏಪ್ರಿಲ್ ಹಿಮದಲ್ಲಿ ನಾನು ಹಗಲಿಗಿಂತ ರಾತ್ರಿ ನೋಡೋದೇ ಜಾಸ್ತಿ

ಏಪ್ರಿಲ್-ಮೇನಲ್ಲಿ ಕೊಲರಾಡೋದ ಲವ್‌ಲ್ಯಾಂಡ್ ಪಾಸ್ ಕಡೆ ಸ್ಕೀ ಮಾಡೋಕೆ ಹೋಗೋದಾದ್ರೆ ನಾನು ಮೊದ್ಲು ನೋಡೋದು ಹಿಂದಿನ ರಾತ್ರಿ ಹಿಮ ಹೆಪ್ಪುಗಟ್ಟಿತ್ತಾ ಇಲ್ವಾ ಅಂತ. ಇಲ್ದಿದ್ರೆ ಒದ್ದೆ ಹಿಮ ಜಾರಿ ಹಿಮಕುಸಿತ (ಅವಲಾಂಚ್) ಆಗೋ ಭಯ. ಡೆನ್ವರ್‌ನಲ್ಲಿ ಮನೇಲೇ ಕೂತು ನಾನು ಹೋಗೋ ಜಾಗದಷ್ಟೇ ಎತ್ತರದಲ್ಲಿರೋ ಸ್ನೋಟೆಲ್ (ಬೆಟ್ಟದ ಹಿಮ, ಹವಾಮಾನ ತಾನಾಗೇ ಅಳೆಯೋ) ಸ್ಟೇಷನ್‌ನ ಟೆಂಪರೇಚರ್ ನೋಡ್ತೀನಿ, ಜೊತೆಗೆ ಮೋಡ ಇತ್ತಾ ಅಂತಾನೂ ನೋಡ್ತೀನಿ, ಯಾಕಂದ್ರೆ ಆಕಾಶ ಶುಭ್ರ ಇದ್ರೆ ಗಾಳಿ ಸೊನ್ನೆಗಿಂತ ಸ್ವಲ್ಪ ಮೇಲಿದ್ರೂ ಹಿಮದ ಮೈ ಶಾಖ ಬಿಟ್ಟು ಗಟ್ಟಿ ಆಗುತ್ತೆ, ಮೋಡ ಮುಚ್ಕೊಂಡಿದ್ರೆ ಆಗಲ್ಲ. ಎರಡ್ಮೂರು ರಾತ್ರಿ ಸರಿಯಾಗಿ ಹೆಪ್ಪುಗಟ್ಟಿಲ್ಲ ಅಂದ್ರೆ ಆ ವೀಕೆಂಡ್ ಮನೇಲೇ.

ಕೊಲರಾಡೋ ಹಿಮದ ಇನ್ನೊಂದು ತಲೆನೋವು ಅಂದ್ರೆ ತಳ. ನವೆಂಬರ್‌ನಲ್ಲಿ ಬಿದ್ದ ತೆಳು ಹಿಮ ಚಳಿಗೆ ಬನ್ಸಿ ರವೆ ಥರ ಉದುರುದುರಾಗಿ ಹೋಗಿರುತ್ತೆ, ಅದರ ಮೇಲೇ ಇಡೀ ಚಳಿಗಾಲದ ಭಾರ ಕೂತಿರುತ್ತೆ. ವಸಂತ ಬಂತು ಅಂತ ಅದೇನೂ ತಾನಾಗೇ ಸರಿಹೋಗಲ್ಲ. 2013ರ ಏಪ್ರಿಲ್ 20ಕ್ಕೆ ಲವ್‌ಲ್ಯಾಂಡ್ ಪಾಸ್ ಹತ್ರಾನೇ ಶೀಪ್ ಕ್ರೀಕ್‌ನಲ್ಲಿ ಹಿಮಕುಸಿತಕ್ಕೆ ಆರು ಜನ ಸಿಕ್ಕಾಕ್ಕೊಂಡು ಐದು ಜನ ಸತ್ರು, ಜಾರಿದ್ದು ಇಂಥದ್ದೇ ತಳದ ಪದರದ ಮೇಲೆ. ಕರಗಿದ ನೀರು ಮೊದಲ ಸಲ ಆ ಪದರಕ್ಕೆ ಇಳಿಯೋ ದಿನಗಳಿವೆಯಲ್ಲ, ನನಗೆ ಅತಿ ಭಯ ಅವೇ. ಆಮೇಲೆ ಮೇಲಿಂದ ಕೆಳಗೆ ಪೂರ್ತಿ ಸೊನ್ನೆ ಡಿಗ್ರಿಗೆ ಬಂದು, ನೀರು ಹರಿದುಹೋಗಿ, ಹಗಲು ಕರಗೋದು ರಾತ್ರಿ ಗಟ್ಟಿಯಾಗೋದು ರೂಢಿಯಾದ್ಮೇಲೆ ಲೆಕ್ಕ ಸುಲಭ.

ಜಾಗಕ್ಕೆ ಹೋದ್ಮೇಲೆ ಸ್ಕೀ ಬಿಚ್ಚಿ ಬೂಟಲ್ಲೇ ನಿಂತು ನೋಡ್ತೀನಿ. ಮೇಲೆ ಎರಡಿಂಚು ಮಾತ್ರ ಗಟ್ಟಿ, ಕಾಲು ಮೀನಖಂಡದವರೆಗೆ ಹೂತುಹೋಗ್ತಿದೆ ಅಂದ್ರೆ ವಾಪಸ್, ವಾದನೇ ಇಲ್ಲ. ಬಿಸಿಲು ಮೊದ್ಲು ಪೂರ್ವದ ಇಳಿಜಾರಿಗೆ, ಆಮೇಲೆ ದಕ್ಷಿಣಕ್ಕೆ, ಕೊನೆಗೆ ಪಶ್ಚಿಮಕ್ಕೆ ಬೀಳೋದ್ರಿಂದ ನಾನು ಇಳಿಯೋದೂ ಅದೇ ಆರ್ಡರಲ್ಲಿ. ಹಿಮದ ಉಂಡೆಗಳು ತಾವಾಗೇ ಉರುಳೋಕೆ ಶುರುವಾದ್ರೆ ಟೈಮ್ ಮುಗೀತು ಅಂತ. ಯೂಟಾ ಕಡೆಯಿಂದ ಗಾಳಿಗೆ ಬಂದ ಕೆಂಪು ಧೂಳು ಹಿಮದ ಮೇಲೆ ಕೂತಿದ್ರೆ ಇನ್ನೂ ಬೇಗ ಮುಗಿಯುತ್ತೆ, ಧೂಳು ಬಿಸಿಲು ಹೀರ್ಕೊಳ್ಳುತ್ತಲ್ಲ. ಹತ್ತೂವರೆಗೆ ನಾನು ಪಾರ್ಕಿಂಗ್‌ನಲ್ಲಿ ಚಿತ್ರಾನ್ನ ತಿಂತಿರ್ತೀನಿ, ಆಗ ಹತ್ತೋಕೆ ಬರೋರನ್ನ ನೋಡಿದ್ರೆ ಸಿಟ್ಟೇ ಬರುತ್ತೆ.

ಉತ್ತರದ ಇಳಿಜಾರು ಮಾತ್ರ ಬೇರೆ ಕಥೆ, ಅಲ್ಲಿ ಏಪ್ರಿಲ್‌ನಲ್ಲೂ ಚಳಿಗಾಲವೇ ಇರುತ್ತೆ, ಅದಕ್ಕೆ 30 ಡಿಗ್ರಿಗಿಂತ ಕಡಿದಾಗಿದ್ರೆ ನಾನು ಹೋಗಲ್ಲ.

ಬೀಕನ್ (ಹಿಮದಲ್ಲಿ ಹೂತವರನ್ನ ಹುಡುಕೋ ರೇಡಿಯೋ), ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡೋ ಉದ್ದ ಕೋಲು), ಸಲಿಕೆ ಮೇನಲ್ಲೂ ಬೇಕು. ಒದ್ದೆ ಹಿಮ ನಿಧಾನಕ್ಕೆ ಬಂದ್ರೂ ನಿಂತ ಕೂಡ್ಲೇ ಗಟ್ಟಿಯಾಗಿಬಿಡುತ್ತೆ, ಬರಿಗೈಯಲ್ಲಿ ತೋಡೋಕಾಗಲ್ಲ.