ಹೊಸ ಅಮೆರಿಕನ್ ಆಟಗಾರನನ್ನು ಅಳೆಯುವುದು ಹೇಗೆ: ಬೆನ್ ಶೆಲ್ಟನ್ ಅವರ ಮೊದಲ ಎರಡು ವರ್ಷಗಳ ಲೆಕ್ಕ

ಯುವ ಟೆನಿಸ್ ಆಟಗಾರನೊಬ್ಬ ಘಟಾನುಘಟಿಯನ್ನು ಸೋಲಿಸಿದ ಸುದ್ದಿ ಬಂದ ಕೂಡಲೇ ಡ್ರಾ (ಯಾರಿಗೆ ಯಾರು ಎದುರಾಳಿ ಎಂಬ ಟೂರ್ನಿಯ ಪಟ್ಟಿ) ತೆಗೆದು ಅವನ ಹೆಸರಿನ ಪಕ್ಕ ಏನಿದೆ ನೋಡಿ. 'ಡಬ್ಲ್ಯುಸಿ' ಎಂದಿದ್ದರೆ ವೈಲ್ಡ್ ಕಾರ್ಡ್, ಅಂದರೆ ಸಂಘಟಕರು ತಾವಾಗಿ ಕೊಟ್ಟ ಪ್ರವೇಶ. 'ಕ್ಯೂ' ಎಂದಿದ್ದರೆ ಅರ್ಹತಾ ಸುತ್ತು ಗೆದ್ದು ಬಂದವನು. ಅಂಕಿಯಿದ್ದರೆ ಅದು ಶ್ರೇಯಾಂಕ, ಆ ಟೂರ್ನಿಯ ಮುಂಚೂಣಿ ಆಟಗಾರರಿಗೆ ಕೊಡುವ ಕ್ರಮಸಂಖ್ಯೆ. ಏನೂ ಇಲ್ಲದಿದ್ದರೆ ಸಾಮಾನ್ಯವಾಗಿ ರ‍್ಯಾಂಕಿಂಗ್ ಬಲದಿಂದ ನೇರ ಪ್ರವೇಶ ಪಡೆದವನು. ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್‌ನ 128 ಜಾಗಗಳಲ್ಲಿ 104 ನೇರ ಪ್ರವೇಶಕ್ಕೆ, 16 ಅರ್ಹತಾ ಸುತ್ತಿಗೆ, 8 ವೈಲ್ಡ್ ಕಾರ್ಡ್‌ಗೆ. ಅಮೆರಿಕದಲ್ಲಿ ದೊಡ್ಡ ಟೂರ್ನಿಗಳು ಹಲವಿರುವುದರಿಂದ ಅಲ್ಲಿನ ಹುಡುಗರಿಗೆ ವೈಲ್ಡ್ ಕಾರ್ಡ್ ಬೇಗ ಸಿಗುತ್ತದೆ. ಹಾಗಾಗಿ ಅವರ ಮಟ್ಟಿಗೆ ಈ ಪರೀಕ್ಷೆ ಬಿಡಲೇಬಾರದು.

ಶೆಲ್ಟನ್ ಅವರನ್ನೇ ತೆಗೆದುಕೊಳ್ಳಿ. ಫ್ಲೋರಿಡಾ ವಿಶ್ವವಿದ್ಯಾಲಯದ ಪರ ಆಡಿ 2022ರ ಎನ್‌ಸಿಎಎ ಸಿಂಗಲ್ಸ್, ಅಂದರೆ ಅಮೆರಿಕದ ಕಾಲೇಜು ಟೆನಿಸ್ ಪ್ರಶಸ್ತಿ, ಗೆದ್ದರು. ಆದರೆ ಕಾಲೇಜು ಪಂದ್ಯಗಳಿಂದ ಎಟಿಪಿ (ಪುರುಷರ ವೃತ್ತಿಪರ ಟೆನಿಸ್ ಸಂಸ್ಥೆ) ರ‍್ಯಾಂಕಿಂಗ್ ಅಂಕ ಬರುವುದಿಲ್ಲ, ಅದನ್ನು ಬೇರೆ ಕಾಲಂನಲ್ಲಿ ಬರೆದಿಡಿ. ಅದೇ ಆಗಸ್ಟ್‌ನಲ್ಲಿ ಸಿನ್ಸಿನಾಟಿಯಲ್ಲಿ ವೈಲ್ಡ್ ಕಾರ್ಡ್ ಪಡೆದು 5ನೇ ಶ್ರೇಯಾಂಕದ ಕ್ಯಾಸ್ಪರ್ ರೂಡ್ ಅವರನ್ನು 6-3, 6-3ರಿಂದ ಸೋಲಿಸಿದ್ದು ಎಲ್ಲರ ಕಣ್ಣಿಗೆ ಬಿತ್ತು. ಆ ವಾರ ಬಂದದ್ದು 90 ಅಂಕ. ನವೆಂಬರ್‌ನಲ್ಲಿ ಷಾರ್ಲಟ್ಸ್‌ವಿಲ್, ನಾಕ್ಸ್‌ವಿಲ್, ಶಾಂಪೇನ್ ಚಾಲೆಂಜರ್‌ಗಳನ್ನು (ಎಟಿಪಿ ಟೂರ್‌ಗಿಂತ ಒಂದು ಹಂತ ಕೆಳಗಿನ ಟೂರ್ನಿಗಳು) ಸಾಲಾಗಿ ಗೆದ್ದದ್ದು ಹೆಚ್ಚು ಜನರಿಗೆ ಗೊತ್ತಾಗಲಿಲ್ಲ. ಒಂದೊಂದಕ್ಕೆ 80ರಂತೆ 240 ಅಂಕ ಕೈಸೇರಿ ಮೊದಲ ನೂರರೊಳಗೆ ಬಂದರು, ಆಸ್ಟ್ರೇಲಿಯನ್ ಓಪನ್‌ಗೆ ನೇರ ಪ್ರವೇಶ ಸಿಕ್ಕಿತು. ನಮ್ಮ ಮಟ್ಟಿಗೆ ರೂಡ್ ವಿರುದ್ಧದ ಗೆಲುವಿಗಿಂತ ಆ ಮೂರು ವಾರಗಳೇ ದೊಡ್ಡ ಸೂಚನೆ.

ಮುಂದಿನ ಹೆಜ್ಜೆ, ಎದುರಾಳಿಗಳನ್ನು ಸುತ್ತುವಾರು ಬರೆದುಕೊಳ್ಳುವುದು. 'ಎಂಟರ ಘಟ್ಟ ತಲುಪಿದರು' ಎಂಬ ಒಂದು ಸಾಲು ಓದಿ ನಿಂತರೆ ಎಡವುತ್ತೇವೆ. 2023ರ ಆಸ್ಟ್ರೇಲಿಯನ್ ಓಪನ್ ನಡೆದ ಮೆಲ್ಬರ್ನ್‌ನಲ್ಲಿ ಶೆಲ್ಟನ್ ಸೋಲಿಸಿದವರು ಜಾಂಗ್ ಝಿಝೆನ್, ನಿಕೊಲಸ್ ಜಾರಿ, ಅಲೆಕ್ಸಿ ಪೊಪಿರಿನ್, ಜೆ.ಜೆ. ವುಲ್ಫ್, ಸೋತದ್ದು ಟಾಮಿ ಪಾಲ್ ಅವರಿಗೆ. ಐವರಲ್ಲಿ ಒಬ್ಬರಿಗೂ ಶ್ರೇಯಾಂಕವಿರಲಿಲ್ಲ. ಡ್ರಾದಲ್ಲಿ ಶೆಲ್ಟನ್ ಭಾಗದಲ್ಲಿದ್ದ 8ನೇ ಶ್ರೇಯಾಂಕದ ಟೇಲರ್ ಫ್ರಿಟ್ಜ್ ಅವರನ್ನು ಪೊಪಿರಿನ್ ಮೊದಲೇ ಹೊರಗೆ ಕಳಿಸಿದ್ದರು. ಅದೇ ವರ್ಷದ ಯುಎಸ್ ಓಪನ್‌ನಲ್ಲಿ 14ನೇ ಶ್ರೇಯಾಂಕದ ಪಾಲ್, 10ನೇ ಶ್ರೇಯಾಂಕದ ಟಿಯಾಫೊ ಇಬ್ಬರನ್ನೂ ಸೋಲಿಸಿ ಸೆಮಿಫೈನಲ್‌ನಲ್ಲಿ ಜೊಕೊವಿಚ್‌ಗೆ ಸೋತರು. ಎರಡನೇ ಸುತ್ತಿನಲ್ಲಿ ಎದುರಾಳಿ ಡೊಮಿನಿಕ್ ಥೀಮ್ ಅಸ್ವಸ್ಥರಾಗಿ ಅರ್ಧಕ್ಕೆ ಬಿಟ್ಟದ್ದನ್ನೂ ಗುರುತು ಹಾಕಿಕೊಳ್ಳಿ. ಆದರೂ ಈ ಎರಡನೆಯ ಓಟದ ತೂಕವೇ ಬೇರೆ.

ಆಡುವ ಅಂಕಣದ ಬಗೆಯನ್ನೂ (ಹಾರ್ಡ್ ಕೋರ್ಟ್, ಮಣ್ಣು) ಬೇರೆಬೇರೆ ಮಾಡಿ. ಮೆಲ್ಬರ್ನ್ ಪ್ರವಾಸಕ್ಕೆ ಮೊದಲು ಶೆಲ್ಟನ್ ಅಮೆರಿಕ ಬಿಟ್ಟು ಹೊರಗೆ ಹೋದವರೇ ಅಲ್ಲ. ಹಾರ್ಡ್ ಕೋರ್ಟ್‌ನಲ್ಲಿ ಬೆಳೆದ ಹುಡುಗ ಯೂರೋಪಿನ ಮಣ್ಣಿನಂಕಣದಲ್ಲಿ ತಿಣುಕಾಡಿದರೆ ಅದನ್ನು ಕುಸಿತ ಎನ್ನಬಾರದು, ಕಲಿಕೆಯ ಸಮಯ ಅದು. 2024ರಲ್ಲಿ ಹ್ಯೂಸ್ಟನ್‌ನ ಮಣ್ಣಿನಲ್ಲೇ ಪ್ರಶಸ್ತಿ ಗೆದ್ದರು.

ಹೆಚ್ಚಿನವರು ತಪ್ಪುವುದು ಅಂಕಗಳ ಅವಧಿಯಲ್ಲಿ. ಅಂಕ 52 ವಾರ ಮಾತ್ರ ಉಳಿಯುತ್ತದೆ. ಅದಕ್ಕೊಂದು ಕ್ಯಾಲೆಂಡರ್ ಇಟ್ಟು, ಯಾವ ತಿಂಗಳು ಎಷ್ಟು ಕಳಚಿಕೊಳ್ಳುತ್ತದೆ ಎಂದು ಬರೆಯಿರಿ. 2024ರ ಜನವರಿಯಲ್ಲಿ ಶೆಲ್ಟನ್ ಮೆಲ್ಬರ್ನ್‌ನಲ್ಲಿ ಮೂರನೇ ಸುತ್ತಿಗೇ ಸೋತರು: 360 ಹೋಯಿತು, 100 ಬಂತು. ಆದರೂ ಮೊದಲ 20ರೊಳಗೇ ಉಳಿದರು, ಏಕೆಂದರೆ ಯುಎಸ್ ಓಪನ್‌ನ 720, ಟೋಕಿಯೊ ಪ್ರಶಸ್ತಿಯ 500 ಇನ್ನೂ ಖಾತೆಯಲ್ಲಿದ್ದವು. ಎಲ್ಲ ಅಂಕವೂ ಒಂದೇ ಟೂರ್ನಿಯಿಂದ ಬಂದಿದ್ದರೆ ಮರುವರ್ಷ ಆ ವಾರವೇ ಗಂಡಾಂತರ.

ಕೊನೆಗೆ ಆಟದ ಒಳಗಿನ ಅಂಕಿ. ಸರ್ವ್ ವೇಗ ಒಂದನ್ನೇ ನಂಬಬೇಡಿ. 2023ರ ಯುಎಸ್ ಓಪನ್‌ನಲ್ಲಿ ಶೆಲ್ಟನ್ ಗಂಟೆಗೆ 149 ಮೈಲಿ, ಅಂದರೆ ಸುಮಾರು 240 ಕಿ.ಮೀ. ವೇಗದ ಸರ್ವ್ ಹೊಡೆದಿದ್ದರು. ಅದು ಕಣ್ಣಿಗೆ ಹಬ್ಬವೇ, ಆದರೆ ಇಷ್ಟು ಮಾಡಿ: ತನ್ನ ಸರ್ವ್ ಗೇಮ್ ಉಳಿಸಿಕೊಂಡ ಶೇಕಡಾವನ್ನೂ ಎದುರಾಳಿಯ ಸರ್ವ್ ಮುರಿದ ಶೇಕಡಾವನ್ನೂ ಕೂಡಿಸಿ. ಮೊತ್ತ 100 ದಾಟಿದ್ದರೆ ಒಟ್ಟು ಗೇಮ್‌ಗಳಲ್ಲಿ ಮೇಲುಗೈ ಇದೆ. ಶೇಕಡಾ 85 ಉಳಿಸಿಕೊಂಡು 15 ಮುರಿದ ಆಟಗಾರನ ಪಂದ್ಯಗಳೆಲ್ಲ 6-6ರ ಸಮಬಲದಲ್ಲಿ ಆಡುವ ಟೈಬ್ರೇಕ್‌ಗೆ ತೂಗಾಡುತ್ತವೆ. ಸರ್ವ್ ಕೆಟ್ಟ ದಿನ ಅವನಿಗೆ ಬೇರೆ ಆಸರೆಯಿಲ್ಲ. ಚಾಲೆಂಜರ್ ಮತ್ತು ಎಟಿಪಿ ಟೂರ್‌ನ ಅಂಕಿಗಳನ್ನು ಬೆರೆಸಬೇಡಿ. ಎದುರಾಳಿಯ ಮಟ್ಟ ಬೇರೆ.

ಇದನ್ನು ಕಣ್ಣಾರೆ ಕಂಡು ಕಲಿಯಬೇಕೆನ್ನುವ ಬೆಂಗಳೂರಿನವರು ಕಬ್ಬನ್ ಪಾರ್ಕ್‌ನ ಕೆಎಸ್‌ಎಲ್‌ಟಿಎ (ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆ) ಅಂಗಳಕ್ಕೆ ಹೋಗಬಹುದು. ಅಲ್ಲಿ ನಡೆಯುವ ಬೆಂಗಳೂರು ಓಪನ್ ಕೂಡ ಚಾಲೆಂಜರ್ ಟೂರ್ನಿಯೇ. 2025ರಲ್ಲಿ ಅದನ್ನು ಗೆದ್ದ ಬ್ರ್ಯಾಂಡನ್ ಹೋಲ್ಟ್ ಸಹ ಅಮೆರಿಕದ ಕಾಲೇಜು ಟೆನಿಸ್‌ನಿಂದ ಬಂದವರು.